ನೀಲಾಂಜನೆಯ ನೃತ್ಯವೂ ವೃಷಭಾಚಲದ ಬರಹವೂ

ಪಂಪಕವಿಯು 941 ರಲ್ಲಿ ರಚಿಸಿದ ಆದಿಪುರಾಣವನ್ನು ಧರ್ಮಗ್ರಂಥವೆಂದು ಕೈಮುಗಿದು ಬದಿಗಿಡುವವರೇ ಬಹುಮಂದಿ. ವೈರಾಗ್ಯವನ್ನು ಬೋಧಿಸುವ ಕಾವ್ಯವು ಸಂಸಾರಿಗಳಾದ ನಮಗೇತಕ್ಕೆಂಬುದು ಅವರ ಆಕ್ಷೇಪವು. ಆ ಕಾವ್ಯದ ಎರಡು ಸನ್ನಿವೇಶಗಳನ್ನು ಜೊತೆಗಿಟ್ಟು ನೋಡಿದರೆ ಈ ಆಕ್ಷೇಪವು ನಿಲ್ಲಲಾರದು. ಎರಡೂ ಕಥೆಗಳಿಗೆ ಜಿನಸೇನಾಚಾರ್ಯರ ಸಂಸ್ಕೃತ ಪುರಾಣವೇ ಆಕರವು.

ಮೊದಲನೆಯದು ಸುಪ್ರಸಿದ್ಧವಾದ ನೀಲಾಂಜನೆಯ ನೃತ್ಯವು. ರಾಜಭೋಗದಲ್ಲಿದ್ದ ಆದಿದೇವನಿಗೆ ವೈರಾಗ್ಯವನ್ನು ಹುಟ್ಟಿಸಲೆಳಸಿ, ದೇವೇಂದ್ರನು ಆಯುಷ್ಯವು ತೀರಲಿದ್ದ ನರ್ತಕಿಯನ್ನೇ ಆರಿಸಿ ಆಡಿಸುತ್ತಾನೆ. ಆಕೆಯು ಆಡುತ್ತಲೇ ಮಿಂಚಿನಂತೆ ಅದೃಶ್ಯಳಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಅದೇ ರೂಪಿನ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯದು, ಆದಿದೇವನೊಬ್ಬನಿಗೆ ತಿಳಿಯುತ್ತದೆ. ಶೃಂಗಾರವನ್ನು ಇಷ್ಟು ಬೆಳೆಯಿಸಿ ಒಮ್ಮೆಗೇ ಶಾಂತಕ್ಕೆ ತಿರುಗಿಸುವುದು ಔಚಿತ್ಯಭಂಗವಲ್ಲವೇ ಎಂದು ಕೇಳಬಹುದು. ಅಲ್ಲ. ಮಮ್ಮಟನು ಶಾಂತಕ್ಕೆ ನಿರ್ವೇದವನ್ನು ಸ್ಥಾಯಿಯೆಂದಿರುವನಷ್ಟೆ. ಆ ನಿರ್ವೇದವು ಇಲ್ಲಿ ನೃತ್ಯಕ್ಕೆ ಹೇಸಿದವನಲ್ಲಿ ಹುಟ್ಟಲಿಲ್ಲ. ಎಲ್ಲರಿಗಿಂತಲೂ ತನ್ಮಯನಾಗಿ ನೋಡಿದವನಲ್ಲಿ ಹುಟ್ಟಿತು. ಅರೆಮನಸ್ಸಿನಿಂದ ನೋಡಿದವರಿಗೆ ಅವಳೂ ಇವಳೂ ಒಂದೇ.

ಇಂದ್ರನ ಈ ಕೈಚಳಕವು ನಮ್ಮ ಮನೆಗಳಲ್ಲಿ ದಿನವೂ ನಡೆಯುತ್ತಲಿದೆ. ಅತ್ತೆಯು ಹಚ್ಚುತ್ತಿದ್ದ ದೀಪವನ್ನು ಇಂದು ಸೊಸೆಯು ಹಚ್ಚುವಳು. ದೀಪವು ಉರಿಯುತ್ತಲೇ ಇರುವುದರಿಂದ ಕೈ ಬದಲಾದುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು ಆದಿದೇವನ ಮಗನಾದ ಭರತನ ಕಥೆಯು. ಷಟ್ಖಂಡಗಳನ್ನು ಗೆದ್ದ ಆತನು ವೃಷಭಾಚಲದ ಮೇಲೆ ತನ್ನ ಪ್ರಶಸ್ತಿಯನ್ನು ಬರೆಯಿಸಲು ಹೋಗುತ್ತಾನೆ. ಹಿಂದೆ ಆಗಿಹೋದ ಚಕ್ರವರ್ತಿಗಳ ಬರಹಗಳಿಂದ ಬಂಡೆಯು ತುಂಬಿ ಎಡೆಯೇ ಇಲ್ಲ. ಆತನ ಗರ್ವವು ಇಳಿಯುತ್ತದೆ. ಆದರೂ ಒಬ್ಬನ ಬರಹವನ್ನು ಅಳಿಸಿ ತನ್ನದನ್ನು ಬರೆಯಿಸಿಯೇ ಹಿಂದಿರುಗುತ್ತಾನೆ! ತಂದೆಯು ಕಂಡ ಅನಿತ್ಯವನ್ನೇ ಮಗನೂ ಕಂಡನು. ತಂದೆಯು ಬಿಟ್ಟನು, ಮಗನು ಆಗ ಬಿಡಲಾರದೆ ಹೋದನು. ಅರಿಯುವುದು ಬೇರೆ, ಬಿಡುವುದು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ನಾವೆಲ್ಲರೂ ಭರತನ ಕಡೆಯವರು. ಮದುವೆಯಲ್ಲಿ ಕೊಡುವ ಪಾತ್ರೆಗೂ ಹೆಸರು ಕೊರೆಯಿಸುತ್ತೇವೆ. ದೇವಾಲಯದ ನೆಲದ ಕಲ್ಲಿಗೂ ಕೊರೆಯಿಸಿ, ಅದು ಭಕ್ತರ ಕಾಲಡಿಯಲ್ಲಿ ಸವೆಯುವುದನ್ನು ನೋಡುತ್ತೇವೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಹೆಸರಿನ ಹಲಗೆಯು ತುಂಬಿದರೆ ಹೊಸ ಹಲಗೆಯು ಬರುವುದು, ಹಳೆಯದು ಉಗ್ರಾಣವನ್ನು ಸೇರುವುದು. ಅದರಲ್ಲಿ ತನ್ನ ಹೆಸರಿದ್ದವನಿಗೆ ಆಗ ಎದೆಯು ಚುರುಕ್ಕೆನ್ನದಿರದು.

ಹಾಗೆಂದು ಕವಿಯು ಭರತನನ್ನು ಕೈಬಿಡುವುದಿಲ್ಲ. ಕಾಲಾಂತರದಲ್ಲಿ ಆತನೂ ರಾಜ್ಯವನ್ನು ತೊರೆಯುತ್ತಾನೆ. ಮನೆಯನ್ನು ಬಿಟ್ಟು ಹೋಗುವ ಶಕ್ತಿಯು ನಮಗಿಲ್ಲದಿರಬಹುದು. ಆದರೆ ಎದುರಿಗಿರುವವರನ್ನು, ಅವರು ಎದುರಿಗಿರುವಾಗಲೇ, ಪೂರ್ಣವಾಗಿ ನೋಡುವುದು ಒಂದು. ನಮ್ಮ ಹೆಸರಿಗಾಗಿ ಇನ್ನೊಬ್ಬರದನ್ನು ಅಳಿಸಹೋಗುವ ಕೈಯನ್ನು ತಡೆಯುವುದು ಮತ್ತೊಂದು. ಈ ಎರಡೂ ಗೃಹಸ್ಥನಿಗೆ ಸಾಧ್ಯವಾದ ವೈರಾಗ್ಯಗಳೇ. ವಾಚಕ ಮಹಾಶಯರು ಈ ಎರಡು ಭಾಗಗಳನ್ನು ಮೂಲದಲ್ಲಿಯೇ ಓದಿ ವಿಚಾರಮಾಡಬೇಕೆಂದು ಪ್ರಾರ್ಥನೆ.