ಏರಿಯೊಳಗಿನ ಮೇಸ್ತ್ರಿ

ಸಂಜೆ ಯಡಿಯೂರು ಕೆರೆಯ ಸುತ್ತ ನಡೆಯುವವರ ಕಣ್ಣು ನೀರಿನ ಮೇಲೆ, ಕೊಕ್ಕರೆಗಳ ಮೇಲೆ. ನನ್ನದು ಬೇಲಿಯಂಚಿನ ಹಸಿಮಣ್ಣಿನ ಗುಡ್ಡೆಗಳ ಮೇಲೆ. ಹೆಗ್ಗಣದ ಮನೆ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ; ನಾನು ಹೆರದೆಯೇ ಮೆಚ್ಚಿದವನು.

ಕೆನಡಾದ ಬೀವರ್ ಮರ ಕಡಿದು ಅಣೆಕಟ್ಟು ಕಟ್ಟುತ್ತದೆ, ಲೋಕವೆಲ್ಲ ಹೊಗಳುತ್ತದೆ. ನಮ್ಮದು ಕಟ್ಟಿದ ಏರಿಯನ್ನೇ ಕೊರೆಯುತ್ತದೆ, ಬೈಗುಳ ತಿನ್ನುತ್ತದೆ. ಆದರೆ ಕೆಲಸಗಾರಿಕೆ ನೋಡಿ. ಬಿಲದ ಬಾಯಿಗೆ ಒಳಗಿನಿಂದಲೇ ಸಡಿಲ ಮಣ್ಣಿನ ಬಿರಡೆ. ಒಳಗೆ ಕವಲೊಡೆದ ಸುರಂಗ, ಮರಿಗಳಿಗೆ ಹುಲ್ಲು ಹಾಸಿದ ಕೋಣೆ, ಗದ್ದೆಯ ಪಕ್ಕವಾದರೆ ತೆನೆ ತುಂಬಿದ ಕಣಜಗಳು. ಹಾವು ನುಗ್ಗಿದರೆ? ಅದಕ್ಕೂ ತಯಾರಿ: ಕೆಲವು ಸುರಂಗಗಳ ತುದಿಯಲ್ಲಿ ತೆಳು ಮಣ್ಣಿನ ಪದರವಷ್ಟೇ ಉಳಿದಿರುತ್ತದೆ, ತಲೆಯಿಂದ ಗುದ್ದಿದರೆ ಆಚೆ! ನೀರು ನುಗ್ಗಿದರೂ ಚಿಂತೆಯಿಲ್ಲ, ಹೆಗ್ಗಣ ಚೆನ್ನಾಗಿ ಈಜುತ್ತದೆ. ದೊಡ್ಡ ಜಾತಿಯದು ಏಡಿ, ಬಸವನಹುಳುಗಳನ್ನೂ ಬಿಡುವುದಿಲ್ಲ.

ಕೆರಳಿದರೆ ಹಂದಿಯಂತೆ ಗುಟುರು ಹಾಕುತ್ತದೆ. ತೆಲುಗರು ಅದನ್ನು ಪಂದಿಕೊಕ್ಕು, ಅಂದರೆ ಹಂದಿ ಇಲಿ ಎಂದರು. ಅದೇ ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಗಿ ಆಸ್ಟ್ರೇಲಿಯಾಕ್ಕೆ ಹಡಗೇರಿತು. ಅಲ್ಲಿ ಆ ಹೆಸರು ಹೊತ್ತಿರುವುದು ಇಲಿಯೇ ಅಲ್ಲ, ಹೊಟ್ಟೆಚೀಲದ ಪ್ರಾಣಿ.

ಗಣೇಶ ವಿಸರ್ಜನೆಗೆ ಊರೇ ಈ ಕೆರೆಯ ಕಲ್ಯಾಣಿಗೆ ಬರುತ್ತದೆ. ಮೂಷಿಕವಾಹನನಿಗೆ ಜೈಕಾರ ಹಾಕಿದವರೇ ಪೊದೆಯಲ್ಲಿ ಸರಸರ ಸದ್ದಾದರೆ ಹೌಹಾರುತ್ತಾರೆ. ಜನ ಚದುರಿ ಕತ್ತಲಾದ ಮೇಲೆ ಬಿರಡೆ ಅಲುಗುತ್ತದೆ, ಮಣ್ಣು ಉದುರುತ್ತದೆ, ಮೊದಲು ಮೀಸೆ ಹೊರಗೆ ಬರುತ್ತದೆ.