ಜೋಡಿ ಕ್ಲಚ್ಚಿನ ದೂರಪ್ರಯಾಣ

ಹಲಸೂರಿನಿಂದ ಇಂದಿರಾನಗರದ ಅಂಚು ಹಿಡಿದು, ಟಿನ್ ಫ್ಯಾಕ್ಟರಿಯನ್ನು ದಾಟಿ ಕೆ.ಆರ್. ಪುರದ ತೂಗುಸೇತುವೆಯನ್ನು ಸೇರುವ ಹಳೆ ಮದ್ರಾಸ್ ರಸ್ತೆಯಲ್ಲಿ ಕೋಲಾರದ ಕಡೆಗೆ ಹೊರಟ ಬೈಕ್ ಸವಾರನ ಎಡಗೈ ಹೆದ್ದಾರಿ ಸಿಗುವ ಮೊದಲೇ ದಣಿದಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಗೇರ್ ಪೆಟ್ಟಿಗೆಯಿಂದ ಕ್ಷಣಕಾಲ ಬೇರ್ಪಡಿಸುವ ಕ್ಲಚ್ಚನ್ನು ಅಲ್ಲಿ ಮಾರುಮಾರಿಗೂ ಹಿಡಿದು ಬಿಡಬೇಕಾಗುತ್ತದೆ. ಈ ಶ್ರಮವನ್ನು ಯಂತ್ರಕ್ಕೇ ಒಪ್ಪಿಸಿರುವ ಹೋಂಡಾ ಗೋಲ್ಡ್ ವಿಂಗ್ ಟೂರ್ ಬೈಕಿನ ಜೋಡಿ ಕ್ಲಚ್ ವ್ಯವಸ್ಥೆ, ಅಂದರೆ ಡಿಸಿಟಿ, ನಿಜಕ್ಕೂ ಮೆಚ್ಚತಕ್ಕ ಕುಶಲತೆ. 2010ರ ವಿಎಫ್ಆರ್1200ಎಫ್ ಬೈಕಿನೊಂದಿಗೆ ಬಂದ ಈ ಏರ್ಪಾಡಿನಲ್ಲಿ ಒಂದು ಕ್ಲಚ್ ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮ ಸಂಖ್ಯೆಯವನ್ನೂ ನೋಡಿಕೊಳ್ಳುತ್ತದೆ. ಒಂದು ಗೇರ್ ಎಳೆಯುತ್ತಿರುವಾಗಲೇ ಮುಂದಿನದು ಅಣಿಯಾಗಿರುವುದರಿಂದ, ಒಂದು ಕ್ಲಚ್ ಬಿಡುತ್ತಿದ್ದಂತೆ ಮತ್ತೊಂದು ಹಿಡಿದು, ಹಿಂದೆ ಕುಳಿತವರಿಗೆ ಜಗ್ಗಿದ ಅನುಭವವೇ ಆಗದಷ್ಟು ನಯವಾಗಿ ಗೇರ್ ಬದಲಾಗುತ್ತದೆ. ಆರು ಸಿಲಿಂಡರುಗಳ, 1833 ಸಿಸಿಯ ಈ ಭಾರಿ ವಾಹನ ಶಿವಾಜಿನಗರದಂಥ ಇಕ್ಕಟ್ಟಿನಲ್ಲಿ ನಿಲ್ಲಿಸುವಾಗ ನೂಕಬೇಕಾದ ಕಷ್ಟವಿಲ್ಲದೆ ನಡಿಗೆಯ ವೇಗದಲ್ಲಿ ಹಿಂದಕ್ಕೂ ಚಲಿಸುತ್ತದೆಂಬುದು ಸಣ್ಣ ಸಂಗತಿಯಲ್ಲ. ಕ್ಲಚ್ ಹಿಡಿಯಿಲ್ಲದ ಸವಾರಿ ಸಪ್ಪೆಯೆನ್ನುವ ಆಕ್ಷೇಪವನ್ನು ಒಪ್ಪುವುದು ಕಷ್ಟ. ಹೊಸಕೋಟೆಯ ಆಚೆ ರಸ್ತೆ ತೆರೆದುಕೊಂಡಾಗ, ಯಾವ ಗೇರ್ ಬೇಕೆಂಬುದನ್ನು ತಾನೇ ನಿರ್ಧರಿಸಬಯಸುವ ಸವಾರನಿಗಾಗಿ ಎಡಗೈಯ ಬಳಿಯಲ್ಲೇ ಗುಂಡಿಗಳಿವೆ.