ಮರ ಉಬ್ಬಿದರೆ ಟ್ರಿಗರ್ ಕೆಡುತ್ತದೆ

ಬ್ರಿಟಿಷರ ಲೀ-ಎನ್‌ಫೀಲ್ಡ್ ಅಂದರೆ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ಅದೇ ತ್ರೀ ನಾಟ್ ತ್ರೀ. ಅದರ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಬಿಗಿ ಅನ್ನಿಸುತ್ತದೆ. ಜರ್ಮನ್ ರೈಫಲ್ ಮೌಸರ್ 98 ಹಿಡಿದು ರೂಢಿಯಾದವರು ‘ಏನೋ ಕೆಟ್ಟಿದೆ’ ಎಂದುಬಿಡುತ್ತಾರೆ. ಏನೂ ಕೆಟ್ಟಿರುವುದಿಲ್ಲ, ಮೌಸರ್ ಬೋಲ್ಟ್ ತೆರೆಯುವಾಗ ಸ್ಪ್ರಿಂಗ್ ಹೂಡಿದರೆ, ಇದು ಮುಚ್ಚುವಾಗ ಹೂಡುತ್ತದೆ, ಅಷ್ಟೆ.

ನಾನು ತಲೆದೂಗುವುದು ಬೋಲ್ಟಿನ ತಲೆಗೆ. ಅದು ಬೇರೆಯೇ ಬಿಡಿಭಾಗ, ತಿರುಪಿ ಕೂರಿಸುವಂಥದ್ದು. ಲೀ-ಎನ್‌ಫೀಲ್ಡಿನ ನಂ. 4 ಮಾದರಿಗೆ 0ಯಿಂದ 3ರವರೆಗೆ ಅಳತೆಗಳಿದ್ದವು. ಬಳಸಿ ಸವೆದು ಬೋಲ್ಟಿಗೂ ತೋಟೆಗೂ ನಡುವಿನ ಸಂದು ಹೆಚ್ಚಾದರೆ, ಗೇಜಿನಲ್ಲಿ ನೋಡಿ ಇನ್ನೊಂದು ತಲೆ ಹಾಕಿದರಾಯಿತು. ಆದರೆ ಬೋಲ್ಟನ್ನೇ ಒಂದರಿಂದ ಇನ್ನೊಂದಕ್ಕೆ ಅದಲುಬದಲು ಮಾಡುವಂತಿಲ್ಲ. ಹಿಡಿಯ ಬುಡದಲ್ಲಿ ಕೊರೆದ ನಂಬರು ರೈಫಲ್ಲಿನ ನಂಬರಿಗೆ ತಾಳೆಯಾಗಬೇಕು.

ಟ್ರಿಗರಿನ ಕಥೆ ಇನ್ನೂ ಸ್ವಾರಸ್ಯ. ಅದರ ಎಳೆತ ಎರಡು ಹಂತದ್ದು: ಮೊದಲು ಹಗುರ, ಆಮೇಲೆ ಗಟ್ಟಿ. ಟ್ರಿಗರಿನ ಮೇಲಿನ ಎರಡು ಪುಟ್ಟ ಉಬ್ಬುಗಳು ಒಂದಾದ ಮೇಲೊಂದು ಸಿಯರ್‌ಗೆ, ಅಂದರೆ ಹೂಡಿದ ಸ್ಪ್ರಿಂಗನ್ನು ತಡೆದು ಹಿಡಿಯುವ ಕೊಂಡಿಗೆ, ಒತ್ತುವುದರಿಂದ ಹಾಗೆ. ನಂ. 4ರ ಮೊದಲ ಆವೃತ್ತಿಯಲ್ಲಿ ಟ್ರಿಗರನ್ನು ಕೆಳಗಿನ ಟ್ರಿಗರ್ ಗಾರ್ಡಿಗೆ ಸಿಕ್ಕಿಸಿದ್ದರು. ತೇವಕ್ಕೆ ರೈಫಲ್ಲಿನ ಮರದ ಭಾಗ ಉಬ್ಬಿದರೆ ಗಾರ್ಡು ಜರುಗುತ್ತಿತ್ತು, ಎಳೆತದ ಹದ ತಪ್ಪುತ್ತಿತ್ತು. ಮಾರ್ಕ್ 2ರಲ್ಲಿ ಟ್ರಿಗರನ್ನು ನೇರ ಉಕ್ಕಿನ ರಿಸೀವರಿಗೇ ತೂಗುಹಾಕಿದರು. ಮರಕ್ಕೂ ಟ್ರಿಗರಿಗೂ ನಂಟೇ ಕಡಿಯಿತು!

ಹಾಗಾಗಿ ಹಳೆಯ ನಂ. 4 ಕೈಕೊಟ್ಟರೆ ಸಿಯರ್‌ಗೆ ಅರ ಹಚ್ಚಬೇಡಿ. ರೈಫಲ್ಲಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲು ಮರವನ್ನೂ ಗಾರ್ಡಿನ ತಿರುಪನ್ನೂ ನೋಡಿ.